ಇನ್‌ಸ್ಟಾಲ್ ಆಗಿದೆ, ಆದರೂ ‘ಕಮಾಂಡ್ ನಾಟ್ ಫೌಂಡ್’

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಐಟಿ ಪಾಠ ಕಲಿಯುವುದು ಉಬುಂಟು ಲಿನಕ್ಸ್ ಮೇಲೆ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಹೊಂದಿಸಿಕೊಟ್ಟ ಉಬುಂಟು ಅದು. ಲ್ಯಾಬಿನಿಂದ ಮಾಷ್ಟ್ರುಗಳ ಲ್ಯಾಪ್‌ಟಾಪಿಗೆ, ಅಲ್ಲಿಂದ ಮನೆಯ ಹಳೆ ಡೆಸ್ಕ್‌ಟಾಪಿಗೆ ಅದು ಬಂದು ಕೂತಿದೆ. ಹಾಗಾಗಿ ಕಮಾಂಡು ಟೈಪ್ ಮಾಡುವ ಟರ್ಮಿನಲ್ ಕಿಟಕಿ ಕಂಡು ಹೆದರುವವರು ಇಲ್ಲಿ ಕಡಿಮೆ. ಹೆದರದೆ ಇನ್‌ಸ್ಟಾಲ್ ಮಾಡಿ, ಕೊನೆಯ ಮೆಟ್ಟಿಲಲ್ಲಿ ಸಿಕ್ಕಿಬೀಳುವವರು ಮಾತ್ರ ಧಾರಾಳ ಇದ್ದಾರೆ. “ಎಲ್ಲ ಸರಿಯಾಗಿಯೇ ಹಾಕಿದ್ದೇನೆ ಮಾಷ್ಟ್ರೇ, ಹೆಸರು ಕೊಟ್ಟರೆ ಕಮಾಂಡ್ ನಾಟ್ ಫೌಂಡ್ ಅಂತಲೇ ಹೇಳ್ತದೆ” ಎಂಬ ದೂರು ಕುಂಬಳೆ, ಬದಿಯಡ್ಕ, ಪೆರ್ಲ ಎಲ್ಲ ಕಡೆಯಿಂದಲೂ ಒಂದೇ ಧಾಟಿಯಲ್ಲಿ ಬರುತ್ತದೆ. ಉತ್ತರ ಮಾತ್ರ ಪ್ರತಿಸಲವೂ ಒಂದೇ ಅಲ್ಲ.

ನಾವು ಕೈಹಚ್ಚಿದ್ದು ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕ, ಶಾಲೆಗಳ ಸ್ಮರಣ ಸಂಚಿಕೆ ಇಂಥವನ್ನು ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸುವ ಕೆಲಸಕ್ಕೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಪ್ರಸಂಗ ಪುಸ್ತಕಗಳಿಗೇನೂ ಬರವಿಲ್ಲ. ಇದಕ್ಕೆ ಬೇಕಾದದ್ದು ಮೂರು: ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್, ಅದಕ್ಕೆ ಕನ್ನಡದ ಡೇಟಾ ಫೈಲು, ಪಿಡಿಎಫ್‌ನೊಳಗೆ ಹುಡುಕಬಹುದಾದ ಅಕ್ಷರಪದರ ಸೇರಿಸುವ ಓಸಿಆರ್‌ಮೈಪಿಡಿಎಫ್. ಈ ಒಂದೇ ಕೆಲಸದ ದಾರಿಯಲ್ಲಿ, ಹೊಸದಾಗಿ ಹಾಕಿದ ಪ್ರೋಗ್ರಾಮನ್ನು ಶೆಲ್ (ಟರ್ಮಿನಲ್ಲಿನಲ್ಲಿ ಕೊಟ್ಟ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಮು) ಗುರುತಿಸದೆ ಹೋಗುವ ಬಗೆಗಳು ಹೆಚ್ಚುಕಡಿಮೆ ಎಲ್ಲವೂ ಎದುರಾಗುತ್ತವೆ. ಅದಕ್ಕೇ ಉದಾಹರಣೆಗೆ ಇದನ್ನೇ ಇಟ್ಟುಕೊಂಡಿದ್ದೇವೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದೆ; ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಪಾತ್, ಹೋಮ್ ಮುಂತಾದ ವೇರಿಯಬಲ್‌ಗಳ ಹೆಸರು ಮಾತ್ರ ದೊಡ್ಡಕ್ಷರದಲ್ಲಿರಬೇಕು.

ಶೆಲ್ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಪಾತ್ ಎಂಬ ವೇರಿಯಬಲ್‌ನಲ್ಲಿ ಕೋಲನ್ ಹಾಕಿ ಬರೆದಿಟ್ಟ ಫೋಲ್ಡರುಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗುತ್ತದೆ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ‘ಎಕೋ $ಪಾತ್’ ಎಂದರೆ ಉಬುಂಟುವಿನಲ್ಲಿ ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್/ಎಸ್‌ಬಿನ್, /ಯುಎಸ್‌ಆರ್/ಲೋಕಲ್/ಬಿನ್, /ಯುಎಸ್‌ಆರ್/ಎಸ್‌ಬಿನ್, /ಯುಎಸ್‌ಆರ್/ಬಿನ್ ಹೀಗೆ ಸಾಲಾಗಿ ಬಂದು ಕೊನೆಗೆ /ಸ್ನ್ಯಾಪ್/ಬಿನ್ ಕಾಣುತ್ತದೆ. ಲೋಕಲ್ ಇರುವುದು ಮೊದಲು, ಇಲ್ಲದ್ದು ಆಮೇಲೆ. ಈ ಕ್ರಮ ಮುಂದೆ ಬೇಕಾಗುತ್ತದೆ. ಇನ್ನೊಂದು ಸಂಗತಿ: ಪಾತ್ ಎಂಬುದು ಕಂಪ್ಯೂಟರಿಗೆಲ್ಲ ಸೇರಿ ಒಂದೇ ಇರುವ ಪಟ್ಟಿ ಅಲ್ಲ. ಓಡುತ್ತಿರುವ ಪ್ರತಿ ಪ್ರೋಗ್ರಾಮಿನ ಬಳಿಯೂ ಅದರದೊಂದು ಪ್ರತಿ ಇರುತ್ತದೆ, ಹುಟ್ಟುವಾಗ ತನ್ನನ್ನು ಓಡಿಸಿದ ಪ್ರೋಗ್ರಾಮಿನಿಂದ ನಕಲು ಮಾಡಿಕೊಂಡದ್ದು. ಒಂದು ಕಡೆ ತಿದ್ದಿದರೆ ಆಗಲೇ ಓಡುತ್ತಿರುವ ಉಳಿದವಕ್ಕೆ ಅದು ತಿಳಿಯುವುದೇ ಇಲ್ಲ.

ಮೊದಲ ತೊಡಕು ಪಾತ್‌ನದ್ದಲ್ಲ, ಹೆಸರಿನದ್ದು. ಉಬುಂಟುವಿನಲ್ಲಿ ಪ್ಯಾಕೇಜು ಹಾಕುವ ಸಾಧನ ಆಪ್ಟ್, ಕಮಾಂಡನ್ನು ನಿರ್ವಾಹಕರ ಅಧಿಕಾರದಲ್ಲಿ ಓಡಿಸುವುದು ಸುಡೋ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಟೆಸೆರಾಕ್ಟ್-ಓಸಿಆರ್ ಟೆಸೆರಾಕ್ಟ್-ಓಸಿಆರ್-ಕಾನ್’ ಎಂದು ಹಾಕಿದವರು ಆಮೇಲೆ ‘ಟೆಸೆರಾಕ್ಟ್-ಓಸಿಆರ್’ ಎಂದೇ ಟೈಪ್ ಮಾಡುತ್ತಾರೆ. ಆ ಹೆಸರಿನ ಕಮಾಂಡೇ ಇಲ್ಲ. ಪ್ಯಾಕೇಜಿನ ಹೆಸರು ಬೇರೆ, ಅದರೊಳಗಿಂದ ಬರುವ ಕಮಾಂಡು ‘ಟೆಸೆರಾಕ್ಟ್’ ಮಾತ್ರ. ‘ಕಾನ್’ (ಕೆ-ಎ-ಎನ್, ಕನ್ನಡದ ಸಂಕೇತ) ಪ್ಯಾಕೇಜಿನಲ್ಲಂತೂ ಕಮಾಂಡೇ ಇಲ್ಲ, ಕಾನ್.ಟ್ರೇನ್ಡ್‌ಡೇಟಾ ಎಂಬ ಡೇಟಾ ಫೈಲು ಅಷ್ಟೆ. ಅದನ್ನು ‘ಟೆಸೆರಾಕ್ಟ್ ಪುಟ.ಪಿಎನ್‌ಜಿ ಫಲಿತ -ಎಲ್ ಕಾನ್’ ಎಂದು ಕರೆಯಬೇಕು. ಅನುಮಾನ ಬಂದಾಗಲೆಲ್ಲ ‘ಡಿಪಿಕೆಜಿ -ಎಲ್’ ಕೊಟ್ಟು (ಇಲ್ಲಿ ಎಲ್ ದೊಡ್ಡಕ್ಷರ) ಮುಂದೆ ಪ್ಯಾಕೇಜಿನ ಹೆಸರು ಬರೆದು, ಫಲಿತವನ್ನು ‘ಗ್ರೆಪ್ ಬಿನ್’ಗೆ ಪೈಪ್ ಮಾಡಿದರೆ ಯಾವ ಕಮಾಂಡು ಯಾವ ಫೋಲ್ಡರಿನಲ್ಲಿ ಕೂತಿದೆ ಎಂದು ಕಾಣುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಇಂಥವು ಇನ್ನೂ ಇವೆ. ‘ಎಫ್‌ಡಿ-ಫೈಂಡ್’ ಹಾಕಿದರೆ ಬರುವುದು ‘ಎಫ್‌ಡಿಫೈಂಡ್’, ‘ಬ್ಯಾಟ್’ ಹಾಕಿದರೆ ‘ಬ್ಯಾಟ್‌ಕ್ಯಾಟ್’. ಬೇರೊಂದು ಪ್ಯಾಕೇಜಿನಲ್ಲಿ ಅದೇ ಹೆಸರು ಆಗಲೇ ಇರುವುದರಿಂದ ಈ ಬದಲಾವಣೆ.

ಹೆಸರು ಸರಿಯಿದ್ದು, ಆಪ್ಟ್‌ನಿಂದ ಹಾಕಿದ್ದಾದರೆ ಉಬುಂಟುವಿನ ಶೆಲ್ ಆದ ಬ್ಯಾಶ್ ಅದನ್ನು ಆ ಕ್ಷಣದಲ್ಲೇ ಗುರುತಿಸುತ್ತದೆ. ಟರ್ಮಿನಲ್ ಮುಚ್ಚಿ ತೆರೆಯಬೇಕಿಲ್ಲ, ರೀಸ್ಟಾರ್ಟಂತೂ ಬೇಡವೇ ಬೇಡ. /ಯುಎಸ್‌ಆರ್/ಬಿನ್ ಮೊದಲೇ ಪಾತ್‌ನಲ್ಲಿದೆ, ಮತ್ತು ‘ಇಲ್ಲ’ ಎಂಬ ಉತ್ತರವನ್ನು ಬ್ಯಾಶ್ ನೆನಪಿಟ್ಟುಕೊಳ್ಳುವುದಿಲ್ಲ. ಹುಡುಕಿ ಸಿಗದಿದ್ದರೆ ಮುಂದಿನ ಸಲ ಹೊಸದಾಗಿಯೇ ಹುಡುಕುತ್ತದೆ.

ತೊಡಕು ಶುರುವಾಗುವುದು ಓಸಿಆರ್‌ಮೈಪಿಡಿಎಫ್ ಹಾಕುವಾಗ. ಆಪ್ಟ್‌ನಲ್ಲಿರುವುದು ಹಳೆಯದು ಎಂದು ಹಲವರು ಉಬುಂಟು 22.04ರಲ್ಲಿ ‘ಪಿಪ್ ಇನ್‌ಸ್ಟಾಲ್ ಓಸಿಆರ್‌ಮೈಪಿಡಿಎಫ್’ ಎನ್ನುತ್ತಾರೆ. ಪಿಪ್ ಎಂದರೆ ಪೈಥಾನ್ ಪ್ರೋಗ್ರಾಮುಗಳನ್ನು ಹಾಕುವ ಸಾಧನ. ಸುಡೋ ಇಲ್ಲದೆ ಕೊಟ್ಟದ್ದರಿಂದ ಪಿಪ್ ಅದನ್ನು ಬಳಕೆದಾರರ ಮನೆ ಫೋಲ್ಡರಿನೊಳಗೆ (‘~’ ಎಂದರೆ ಅದೇ), ~/.ಲೋಕಲ್/ಬಿನ್ ಫೋಲ್ಡರಿಗೆ ಹಾಕುತ್ತದೆ. ಡೌನ್‌ಲೋಡಿನ ಸಾಲುಗಳೆಲ್ಲ ಸರಸರ ಓಡಿ ಕೊನೆಗೆ ಹಳದಿ ಬಣ್ಣದಲ್ಲಿ ಒಂದು ಎಚ್ಚರಿಕೆ ಬಂದಿರುತ್ತದೆ: ಸ್ಕ್ರಿಪ್ಟ್ ಹಾಕಿದ್ದು ಇಂಥ ಫೋಲ್ಡರಿನಲ್ಲಿ, ಅದು ಪಾತ್‌ನಲ್ಲಿಲ್ಲ, ಸೇರಿಸಿಕೊಳ್ಳಿ ಎಂದು. ‘ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್’ ಕಂಡ ಮೇಲೆ ಆ ಹಳದಿ ಸಾಲನ್ನು ಓದುವವರು ಯಾರು ಮಾರಾಯ್ರೆ?

ತಮಾಷೆಯೆಂದರೆ ಇದಕ್ಕೆ ಉಬುಂಟು ಮೊದಲೇ ವ್ಯವಸ್ಥೆ ಮಾಡಿಟ್ಟಿದೆ. ಪ್ರತಿ ಬಳಕೆದಾರರ ~/.ಪ್ರೊಫೈಲ್ ಫೈಲಿನ ಕೊನೆಯಲ್ಲಿ ಒಂದು ಷರತ್ತು ಇದೆ: ಹೋಮ್‌ನೊಳಗೆ .ಲೋಕಲ್/ಬಿನ್ ಎಂಬ ಫೋಲ್ಡರ್ ಇದ್ದರೆ ಅದನ್ನು ಪಾತ್‌ನ ಆರಂಭಕ್ಕೆ ಸೇರಿಸು. ಆದರೆ ಈ ಷರತ್ತನ್ನು ಪರೀಕ್ಷಿಸುವುದು ಲಾಗಿನ್ ಆಗುವಾಗ ಮಾತ್ರ. ಬೆಳಿಗ್ಗೆ ಲಾಗಿನ್ ಆದಾಗ ಆ ಫೋಲ್ಡರೇ ಇರಲಿಲ್ಲ, ಅದನ್ನು ಮಾಡಿದ್ದು ಮಧ್ಯಾಹ್ನ ಪಿಪ್. ಹಾಗಾಗಿ ಮೊದಲ ಸಲ ಪಿಪ್ ಬಳಸುವವರಿಗೆ ಮಾತ್ರ ಈ ಪೆಟ್ಟು. ಹೊಸ ಟರ್ಮಿನಲ್ ಕಿಟಕಿ ತೆರೆದರೂ ಪ್ರಯೋಜನವಿಲ್ಲ. ಉಬುಂಟುವಿನ ಟರ್ಮಿನಲ್ ತೆರೆಯುವುದು ಲಾಗಿನ್ ಶೆಲ್ ಅಲ್ಲ, ಅದು ಓದುವುದು ~/.ಬ್ಯಾಶ್‌ಆರ್‌ಸಿ ಫೈಲನ್ನು, ಪ್ರೊಫೈಲನ್ನಲ್ಲ. ಒಂದೋ ಲಾಗ್ ಔಟ್ ಮಾಡಿ ಒಳಬರಬೇಕು, ಇಲ್ಲವೇ ಅದೇ ಕಿಟಕಿಯಲ್ಲಿ ‘ಸೋರ್ಸ್ ~/.ಪ್ರೊಫೈಲ್’ ಕೊಡಬೇಕು. ಎರಡನೆಯದು ಆ ಒಂದು ಕಿಟಕಿಗೆ ಮಾತ್ರ ಅನ್ವಯ.

ಅಷ್ಟಕ್ಕೆ ಬಗೆಹರಿಯುವ ಈ ವಿಷಯಕ್ಕೆ ಜನ ಬ್ಯಾಶ್‌ಆರ್‌ಸಿಗೆ ಎಲ್ಲಿಂದಲೋ ತಂದ ಸಾಲು ಅಂಟಿಸಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಸೇರಿಸಲೇಬೇಕಾದರೆ ಸಾಲು ಹೀಗಿರಲಿ: ‘ಎಕ್ಸ್‌ಪೋರ್ಟ್ ಪಾತ್="$ಹೋಮ್/.ಲೋಕಲ್/ಬಿನ್:$ಪಾತ್"’. ಇದರಲ್ಲಿ ತಪ್ಪಲು ನಾಲ್ಕು ಜಾಗ ಇವೆ. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಟ್ಟರೆ ಶೆಲ್ ಅದನ್ನು ಮೌಲ್ಯ ಕೊಡುವ ಸಾಲು ಎಂದು ಓದುವುದೇ ಇಲ್ಲ, ಏನೋ ಒಂದು ಎರರ್ ಕೊಟ್ಟು ಬಿಡುತ್ತದೆ. ಕೊನೆಯ ‘:$ಪಾತ್’ ಮರೆತರೆ ಹಳೆಯ ಪಟ್ಟಿಯೆಲ್ಲ ಮಾಯ. ‘ಎಲ್‌ಎಸ್’ ಸಹ ನಾಟ್ ಫೌಂಡ್ ಎನ್ನುತ್ತದೆ. ಹಾಗಾದಾಗ ಗಾಬರಿ ಬೇಡ. ‘ಎಕ್ಸ್‌ಪೋರ್ಟ್’ ಶೆಲ್‌ನೊಳಗಿನದೇ ಆದ್ದರಿಂದ ಅದು ಕೆಲಸ ಮಾಡುತ್ತದೆ; ‘ಎಕ್ಸ್‌ಪೋರ್ಟ್ ಪಾತ್=/ಯುಎಸ್‌ಆರ್/ಲೋಕಲ್/ಬಿನ್:/ಯುಎಸ್‌ಆರ್/ಬಿನ್:/ಬಿನ್’ ಎಂದು ಕೊಟ್ಟು ‘ನ್ಯಾನೋ’ ತೆರೆದು ಫೈಲನ್ನು ತಿದ್ದಿದರೆ ಮುಗಿಯಿತು. ಮೂರನೆಯದು, ಡಾಲರ್ ಇರುವ ಸಾಲನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡುವುದು. ಆಗ ‘$ಪಾತ್’ ಬಿಡಿಸಿಕೊಳ್ಳದೆ ಬರಿಯ ಅಕ್ಷರವಾಗಿ ಉಳಿಯುತ್ತದೆ.

ನಾಲ್ಕನೆಯದು ತುಸು ನಾಜೂಕಿನದು. ‘$ಹೋಮ್’ ಬದಲು ‘~’ ಬರೆದು ಜೋಡಿ ಉದ್ಧರಣ ಚಿಹ್ನೆಯೊಳಗಿಟ್ಟರೆ ಆ ಚಿಹ್ನೆ ಹಾಗೆಯೇ ಪಾತ್‌ನಲ್ಲಿ ಉಳಿಯುತ್ತದೆ. ಬ್ಯಾಶ್ ಹುಡುಕುವಾಗ ಅದನ್ನು ತಾನಾಗಿಯೇ ಮನೆ ಫೋಲ್ಡರ್ ಎಂದು ಅರ್ಥಮಾಡಿಕೊಂಡು ಓಡಿಸಿಬಿಡುತ್ತದೆ, ಆದ್ದರಿಂದ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಪೈಥಾನ್ ಸ್ಕ್ರಿಪ್ಟು, ‘ವಿಚ್’ ಕಮಾಂಡು ಮುಂತಾದವು ಹಾಗೆ ಮಾಡುವುದಿಲ್ಲ. ‘~’ ಎಂಬ ಹೆಸರಿನ ಫೋಲ್ಡರನ್ನೇ ಹುಡುಕಿ ಬರಿಗೈಯಲ್ಲಿ ಬರುತ್ತವೆ. ಟರ್ಮಿನಲ್ಲಿನಲ್ಲಿ ಓಡುವ ಕಮಾಂಡು ಸ್ಕ್ರಿಪ್ಟಿನೊಳಗಿಂದ ಸಿಗುವುದಿಲ್ಲ ಎಂದಾದರೆ ಇದನ್ನು ಒಮ್ಮೆ ನೋಡುವುದು ಒಳ್ಳೆಯದು.

ಪ್ರೊಫೈಲ್ ಓದಲ್ಪಡದಿರಲು ಇನ್ನೂ ಒಂದು ಕಾರಣ ಉಂಟು. ಮನೆ ಫೋಲ್ಡರಿನಲ್ಲಿ ~/.ಬ್ಯಾಶ್_ಪ್ರೊಫೈಲ್ ಎಂಬ ಫೈಲಿದ್ದರೆ ಲಾಗಿನ್ ಬ್ಯಾಶ್ ಅದನ್ನು ಮಾತ್ರ ಓದಿ ~/.ಪ್ರೊಫೈಲನ್ನು ಬಿಟ್ಟುಬಿಡುತ್ತದೆ. ಯಾವುದೋ ಇನ್‌ಸ್ಟಾಲರ್ ಆ ಫೈಲನ್ನು ಸದ್ದಿಲ್ಲದೆ ಮಾಡಿಟ್ಟು ಹೋಗಿರುವುದುಂಟು. ಇನ್ನು ಉಬುಂಟು 24.04ಕ್ಕೆ ಹೋದವರಿಗೆ ಪಿಪ್ ದಾರಿಯೇ ಮುಚ್ಚಿದೆ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ನಿಲ್ಲಿಸುತ್ತದೆ. ಅದನ್ನು ದಾಟಿಸುವ ಆಯ್ಕೆ ಹುಡುಕಬೇಡಿ, ಪ್ರತಿ ಪ್ರೋಗ್ರಾಮನ್ನು ಬೇರೆ ಬೇರೆಯಾಗಿ ಹಾಕುವ ಪಿಪ್‌ಎಕ್ಸ್ ಬಳಸಿ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಪಿಪ್‌ಎಕ್ಸ್’, ‘ಪಿಪ್‌ಎಕ್ಸ್ ಇನ್‌ಸ್ಟಾಲ್ ಓಸಿಆರ್‌ಮೈಪಿಡಿಎಫ್’, ಆಮೇಲೆ ‘ಪಿಪ್‌ಎಕ್ಸ್ ಎನ್‌ಶೂರ್‌ಪಾತ್’. ಈ ಕೊನೆಯದು ಪಾತ್ ಸಾಲನ್ನು ತಾನೇ ಬರೆಯುತ್ತದೆ, ಹೊಸ ಟರ್ಮಿನಲ್ ತೆರೆಯಿರಿ ಎಂದೂ ಹೇಳುತ್ತದೆ.

ಈಗ ನಿಜವಾಗಿ ತಲೆ ತಿನ್ನುವ ಭಾಗ. ಉಬುಂಟು 22.04ರ ಆಪ್ಟ್‌ನಲ್ಲಿರುವುದು ಟೆಸೆರಾಕ್ಟ್ 4.1.1. ಐದನೆಯ ಆವೃತ್ತಿ 2021ರ ನವೆಂಬರಿನಲ್ಲೇ ಬಂದಿದೆ, ಅದು ಬೇಕೆಂದರೆ ಮೂಲ ಕೋಡ್‌ನಿಂದ ಕಟ್ಟಿಕೊಳ್ಳುವುದು ಒಂದು ದಾರಿ. (24.04ರಲ್ಲಿ ಆಪ್ಟ್‌ನಲ್ಲೇ 5.3.4 ಇದೆ, ಈ ರಗಳೆ ಇಲ್ಲ.) ಕಂಪೈಲರ್, ಆಟೋಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್, ಜೊತೆಗೆ ಚಿತ್ರ ಸಂಸ್ಕರಣೆಯ ಲೈಬ್ರರಿಯಾದ ಲೆಪ್ಟೋನಿಕಾದ ಡೆವ್ ಪ್ಯಾಕೇಜು ಮೊದಲು ಹಾಕಿಕೊಳ್ಳಬೇಕು. ಆಮೇಲೆ ‘./ಆಟೋಜೆನ್.ಎಸ್‌ಎಚ್’, ‘./ಕಾನ್ಫಿಗರ್’, ‘ಮೇಕ್’, ‘ಸುಡೋ ಮೇಕ್ ಇನ್‌ಸ್ಟಾಲ್’. ಹೊಸ ಟೆಸೆರಾಕ್ಟ್ ಹೋಗಿ ಕೂರುವುದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ. ಪಾತ್‌ನಲ್ಲಿ ಅದು /ಯುಎಸ್‌ಆರ್/ಬಿನ್‌ಗಿಂತ ಮೊದಲಿದೆ. ಹಾಗಾದರೆ ಹೊಸದೇ ಓಡಬೇಕು ತಾನೇ? ‘ಟೆಸೆರಾಕ್ಟ್ --ವರ್ಷನ್’ ಕೊಟ್ಟರೆ ಅದೇ ಟರ್ಮಿನಲ್ಲಿನಲ್ಲಿ 4.1.1 ಎಂದು ಬರುತ್ತದೆ. ‘ವಿಚ್ ಟೆಸೆರಾಕ್ಟ್’ ಕೇಳಿದರೆ /ಯುಎಸ್‌ಆರ್/ಲೋಕಲ್/ಬಿನ್/ಟೆಸೆರಾಕ್ಟ್ ಎಂಬ ಉತ್ತರ. ಅಂದರೆ ಹೊಸ ಜಾಗ ತೋರಿಸುತ್ತದೆ, ಓಡಿಸುವುದು ಹಳೆಯದನ್ನು. ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕಂಪೈಲ್ ತಪ್ಪಾಯಿತೆಂದು ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಕಟ್ಟಲು ಕೂರುತ್ತಾರೆ.

ಕಟ್ಟಿದ್ದು ಸರಿಯಾಗಿಯೇ ಇದೆ. ಬ್ಯಾಶ್ ಒಂದು ಕಮಾಂಡನ್ನು ಮೊದಲ ಸಲ ಹುಡುಕಿ ಕಂಡುಕೊಂಡ ಮೇಲೆ ಅದರ ಪೂರ್ಣ ವಿಳಾಸವನ್ನು ಹ್ಯಾಶ್ ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಪಾತ್ ನೋಡುವ ಗೋಜಿಗೇ ಹೋಗುವುದಿಲ್ಲ; ಮನೆ ಬದಲಾದದ್ದು ತಿಳಿಯದ ಅಂಚೆಯಣ್ಣನ ಹಾಗೆ ನೇರ ಹಳೆ ವಿಳಾಸಕ್ಕೇ. ಅದೇ ಟರ್ಮಿನಲ್ಲಿನಲ್ಲಿ ಮೊದಲು 4.1.1 ಅನ್ನು ಒಮ್ಮೆಯಾದರೂ ಓಡಿಸಿದ್ದರೆ ಅದರ ವಿಳಾಸ ಅಲ್ಲಿ ಕೂತಿರುತ್ತದೆ. ‘ವಿಚ್’ ಶೆಲ್‌ನ ಹೊರಗಿನ ಪ್ರತ್ಯೇಕ ಪ್ರೋಗ್ರಾಮು, ಶೆಲ್‌ನ ನೆನಪು ಅದಕ್ಕೆ ಕಾಣದು. ಪಾತ್ ಓದಿ ತಾನೇ ಹೊಸದಾಗಿ ಹುಡುಕಿ ಹೇಳುತ್ತದೆ. ಅದಕ್ಕೇ ಎರಡು ಬಗೆಯ ಉತ್ತರ.

ಆದ್ದರಿಂದ ಶೆಲ್ ಏನು ಮಾಡಲಿದೆ ಎಂದು ಶೆಲ್‌ನ್ನೇ ಕೇಳಬೇಕು. ‘ಟೈಪ್ ಟೆಸೆರಾಕ್ಟ್’ ಎಂದು ಕೊಡಿ. ‘ಟೆಸೆರಾಕ್ಟ್ ಈಸ್ ಹ್ಯಾಶ್ಡ್’ ಎಂದು ಬರೆದು ಆವರಣದಲ್ಲಿ /ಯುಎಸ್‌ಆರ್/ಬಿನ್/ಟೆಸೆರಾಕ್ಟ್ ಎಂದು ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ‘ಟೈಪ್ -ಎ ಟೆಸೆರಾಕ್ಟ್’ ಕೊಟ್ಟರೆ ಪಾತ್‌ನಲ್ಲಿರುವ ಆ ಹೆಸರಿನವೆಲ್ಲ ಕ್ರಮವಾಗಿ ಕಾಣುತ್ತವೆ, ಅದೇ ಹೆಸರಿನ ಏಲಿಯಾಸ್ (ಕಮಾಂಡಿಗೆ ಕೊಟ್ಟ ಅಡ್ಡಹೆಸರು) ಇದ್ದರೆ ಅದೂ ಹೊರಬೀಳುತ್ತದೆ. ಬರಿಯ ‘ಹ್ಯಾಶ್’ ಕೊಟ್ಟರೆ ಇಡೀ ಕೋಷ್ಟಕ, ಯಾವ ಕಮಾಂಡನ್ನು ಎಷ್ಟು ಸಲ ಓಡಿಸಿದ್ದೀರಿ ಎಂಬ ಲೆಕ್ಕದ ಜೊತೆಗೆ. ಕೋಷ್ಟಕವನ್ನು ಪೂರ್ತಿ ಒರೆಸಲು ‘ಹ್ಯಾಶ್ -ಆರ್’, ಒಂದನ್ನು ಮಾತ್ರ ತೆಗೆಯಲು ‘ಹ್ಯಾಶ್ -ಡಿ ಟೆಸೆರಾಕ್ಟ್’. ಒರೆಸುವುದರಿಂದ ನಷ್ಟವೇನಿಲ್ಲ, ಮುಂದಿನ ಸಲ ಹುಡುಕಿ ಮತ್ತೆ ಬರೆದುಕೊಳ್ಳುತ್ತದೆ.

ಹಳೆಯದನ್ನು ಆಪ್ಟ್‌ನಿಂದ ತೆಗೆದುಹಾಕಿದರೆ ರೋಗಲಕ್ಷಣ ಬೇರೆ. ಆಗ ಬರುವುದು ‘ಕಮಾಂಡ್ ನಾಟ್ ಫೌಂಡ್’ ಅಲ್ಲ. ‘ಬ್ಯಾಶ್: /ಯುಎಸ್‌ಆರ್/ಬಿನ್/ಟೆಸೆರಾಕ್ಟ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಹೆಸರು ಮಾತ್ರ ಟೈಪ್ ಮಾಡಿದ್ದರೂ ಎರರ್‌ನಲ್ಲಿ ಪೂರ್ಣ ವಿಳಾಸ ಬಂದಿದೆ ಎಂಬುದನ್ನು ಗಮನಿಸಿ. ಅದೇ ಹ್ಯಾಶ್‌ನ ಗುರುತು. ಮದ್ದು ಅದೇ, ‘ಹ್ಯಾಶ್ -ಆರ್’. ಪದೇ ಪದೇ ಹೀಗಾಗುವವರು ಬ್ಯಾಶ್‌ಆರ್‌ಸಿಯಲ್ಲಿ ‘ಶಾಪ್ಟ್ -ಎಸ್ ಚೆಕ್‌ಹ್ಯಾಶ್’ ಎಂದು ಬರೆದಿಟ್ಟರೆ, ನೆನಪಿನ ವಿಳಾಸದಲ್ಲಿ ಫೈಲಿಲ್ಲದಾಗ ಬ್ಯಾಶ್ ತಾನೇ ಮತ್ತೆ ಹುಡುಕುತ್ತದೆ. ಹಳೆಯದು, ಹೊಸದು ಎರಡೂ ಇರುವ ಮೊದಲಿನ ಪರಿಸ್ಥಿತಿಗೆ ಮಾತ್ರ ಇದು ಸಹಾಯಕ್ಕೆ ಬಾರದು. ಹಳೆ ವಿಳಾಸದಲ್ಲಿ ಫೈಲು ಇದ್ದೇ ಇದೆಯಲ್ಲ. ಆಪ್ಟ್‌ನಿಂದ ತೆಗೆಯುವಾಗ ಅದು ತೋರಿಸುವ ಪಟ್ಟಿಯನ್ನು ‘ವೈ’ ಒತ್ತುವ ಮೊದಲು ಓದಿ, ಕನ್ನಡದ ಡೇಟಾ ಪ್ಯಾಕೇಜು ಅದರೊಟ್ಟಿಗೆ ಹೊರಟಿದೆಯೋ ಎಂದು.

“ಸೋರ್ಸ್ ಬ್ಯಾಶ್‌ಆರ್‌ಸಿ ಮಾಡಿ, ಸರಿಯಾಗ್ತದೆ” ಎಂಬ ಸಲಹೆ ಊರೆಲ್ಲ ಓಡಾಡುತ್ತಿದೆ. ಕೆಲವೊಮ್ಮೆ ಸರಿಯಾಗುವುದು ನಿಜ. ಪಾತ್‌ಗೆ ಏನನ್ನಾದರೂ ಬರೆದ ಕೂಡಲೇ ಬ್ಯಾಶ್ ಹ್ಯಾಶ್ ಕೋಷ್ಟಕವನ್ನು ಖಾಲಿ ಮಾಡುತ್ತದೆ. ಬ್ಯಾಶ್‌ಆರ್‌ಸಿಯೊಳಗೆ ಅಂಥ ಸಾಲಿದ್ದವರಿಗೆ ಈ ಅಡ್ಡಪರಿಣಾಮದಿಂದ ಗುಣವಾಗುತ್ತದೆ, ಸಾಲಿಲ್ಲದವರಿಗೆ ಏನೂ ಆಗುವುದಿಲ್ಲ. ಇದೇ ಚಟವಾದರೆ ಪಾತ್‌ನಲ್ಲಿ ಒಂದೇ ಫೋಲ್ಡರ್ ಮತ್ತೆ ಮತ್ತೆ ಸೇರಿ ಪಟ್ಟಿ ಬಾಲದಂತೆ ಬೆಳೆಯುತ್ತದೆ.

ಹ್ಯಾಶ್ ಒರೆಸಿ ಆಯಿತು, ಹೊಸ ಟೆಸೆರಾಕ್ಟನ್ನೇ ಶೆಲ್ ಹಿಡಿಯಿತು. ಆಗ ಇನ್ನೊಂದು ಬಾಗಿಲು: ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಟೆಸೆರಾಕ್ಟ್.ಎಸ್‌ಓ.5’. ಇಲ್ಲಿ ದೂರುತ್ತಿರುವುದು ಶೆಲ್ ಅಲ್ಲ, ಲೋಡರ್. ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಅದು ಹುಡುಕುವುದು ಪಾತ್‌ನಲ್ಲಲ್ಲ, /ಇಟಿಸಿ/ಎಲ್‌ಡಿ.ಎಸ್‌ಓ.ಕ್ಯಾಶ್ ಎಂಬ ತನ್ನದೇ ಪಟ್ಟಿಯಲ್ಲಿ. ಆಪ್ಟ್ ಮೂಲಕ ಬಂದ ಲೈಬ್ರರಿಗಳಿಗೆ ಆ ಪಟ್ಟಿ ತಾನಾಗಿ ನವೀಕರಣವಾಗುತ್ತದೆ, ‘ಮೇಕ್ ಇನ್‌ಸ್ಟಾಲ್’ ಮಾಡಿ ಬಂದವಕ್ಕೆ ಆ ಭಾಗ್ಯವಿಲ್ಲ. ‘ಸುಡೋ ಎಲ್‌ಡಿಕಾನ್ಫಿಗ್’ ಕೊಟ್ಟರೆ ಹೊಸ ಪಟ್ಟಿ ತಯಾರು. ‘ಎಲ್‌ಡಿಡಿ /ಯುಎಸ್‌ಆರ್/ಲೋಕಲ್/ಬಿನ್/ಟೆಸೆರಾಕ್ಟ್’ ಕೊಟ್ಟು, ಯಾವ ಸಾಲಿನಲ್ಲೂ ‘ನಾಟ್ ಫೌಂಡ್’ ಇಲ್ಲವೆಂದು ನೋಡಿಕೊಳ್ಳಿ. ಹಳೆಯದು ನಾಲ್ಕನೆಯ ಲೈಬ್ರರಿಯನ್ನು, ಹೊಸದು ಐದನೆಯದನ್ನು ಕೇಳುವುದರಿಂದ ಎರಡೂ ಜಗಳವಿಲ್ಲದೆ ಒಂದೇ ಯಂತ್ರದಲ್ಲಿರಬಹುದು.

ಆಮೇಲೆ ಕನ್ನಡ. ‘ಫೇಲ್ಡ್ ಲೋಡಿಂಗ್ ಲ್ಯಾಂಗ್ವೇಜ್ ಕಾನ್’ ಎಂದು ಬರುತ್ತದೆ. ಆಪ್ಟ್ ಹಾಕಿದ ಕನ್ನಡ ಫೈಲಿರುವುದು /ಯುಎಸ್‌ಆರ್/ಶೇರ್/ಟೆಸೆರಾಕ್ಟ್-ಓಸಿಆರ್/4.00/ಟೆಸ್‌ಡೇಟಾ ಫೋಲ್ಡರಿನಲ್ಲಿ, ನಾವು ಕಟ್ಟಿದ ಟೆಸೆರಾಕ್ಟ್ ನೋಡುವುದು /ಯುಎಸ್‌ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ. ಫೈಲನ್ನು ಅಲ್ಲಿಗೆ ನಕಲು ಮಾಡುವುದೇ ಸುಲಭ ದಾರಿ. ಟೆಸ್‌ಡೇಟಾ_ಪ್ರಿಫಿಕ್ಸ್ ಎಂಬ ವೇರಿಯಬಲ್‌ಗೆ ಹಳೆ ಫೋಲ್ಡರನ್ನು ಕೊಟ್ಟರೂ ನಡೆಯುತ್ತದೆ. ಆದರೆ ಟರ್ಮಿನಲ್ಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದು ಆ ಟರ್ಮಿನಲ್ಲಿಗೂ ಅದು ಓಡಿಸಿದವಕ್ಕೂ ಮಾತ್ರ. ಇನ್ನೊಂದು ಕಿಟಕಿ ತೆರೆದರೆ ಮತ್ತೆ ಅದೇ ಎರರ್. ಮೂರನೆಯ ಆವೃತ್ತಿಯ ಕಾಲದ ಟಿಪ್ಪಣಿಗಳಲ್ಲಿ ಈ ವೇರಿಯಬಲ್‌ಗೆ ಟೆಸ್‌ಡೇಟಾದ ಮೇಲಿನ ಫೋಲ್ಡರ್ ಕೊಡಿ ಎಂದಿರುತ್ತದೆ. ನಾಲ್ಕು, ಐದಕ್ಕೆ ಟೆಸ್‌ಡೇಟಾ ಫೋಲ್ಡರನ್ನೇ ಕೊಡಬೇಕು. ‘ಟೆಸೆರಾಕ್ಟ್ --ಲಿಸ್ಟ್-ಲ್ಯಾಂಗ್ಸ್’ ಪಟ್ಟಿಯಲ್ಲಿ ‘ಕಾನ್’ ಕಂಡರೆ ಕೆಲಸ ಶುರು ಮಾಡಬಹುದು.

ಹೀಗೆಲ್ಲ ಆದಮೇಲೂ ಒಂದು ವಿಚಿತ್ರ ಕಾಣಬಹುದು. ಹ್ಯಾಶ್ ಒರೆಸದ ಕಿಟಕಿಯಲ್ಲಿ ಟೆಸೆರಾಕ್ಟ್ ನೇರವಾಗಿ ಓಡಿಸಿದರೆ 4.1.1, ಅಲ್ಲೇ ಓಸಿಆರ್‌ಮೈಪಿಡಿಎಫ್ ಓಡಿಸಿದರೆ ಐದು. ಓಸಿಆರ್‌ಮೈಪಿಡಿಎಫ್ ತಾನೇ ಪಾತ್ ನೋಡಿ ಟೆಸೆರಾಕ್ಟನ್ನು ಹುಡುಕುತ್ತದೆ, ಬ್ಯಾಶ್‌ನ ನೆನಪು ಅದಕ್ಕೆ ಬೇಕಿಲ್ಲ. ಇದರ ಉಲ್ಟಾ ಆಗುವುದು, ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ಕ್ರಾನ್‌ನಲ್ಲಿ. ಪುಸ್ತಕ ದೊಡ್ಡದು, ರಾತ್ರಿಯಿಡೀ ಓಡಲಿ ಎಂದು ಕ್ರಾನ್‌ಗೆ ಕೊಟ್ಟರೆ ಅದರ ಪಾತ್‌ನಲ್ಲಿ ಸಾಮಾನ್ಯವಾಗಿ ಇರುವುದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ. ಓಸಿಆರ್‌ಮೈಪಿಡಿಎಫ್ ಸಿಗುವುದೇ ಇಲ್ಲ. ಟೆಸೆರಾಕ್ಟ್ ಸಿಗುತ್ತದೆ, ಆದರೆ ಹಳೆಯದು. ಎರರ್ ಇಲ್ಲ, ಸದ್ದಿಲ್ಲ, ಬೆಳಿಗ್ಗೆ ನೋಡಿದರೆ ಹಳೆ ಆವೃತ್ತಿಯ ಫಲಿತಾಂಶ ಕೂತಿರುತ್ತದೆ. ನಾಟ್ ಫೌಂಡ್ ಎಂದು ಬೊಬ್ಬೆ ಹೊಡೆಯುವುದಕ್ಕಿಂತ ಇದೇ ಹೆಚ್ಚು ಅಪಾಯದ್ದು. ಕ್ರಾನ್‌ಟ್ಯಾಬಿನ ಮೊದಲ ಸಾಲಿನಲ್ಲೇ ಪಾತ್ ಪೂರ್ತಿ ಬರೆಯಿರಿ. ಅಲ್ಲಿ ‘$ಪಾತ್’ ಬಿಡಿಸಿಕೊಳ್ಳುವುದಿಲ್ಲ, ಫೋಲ್ಡರುಗಳನ್ನು ಒಂದೊಂದಾಗಿ ಬರೆಯಲೇಬೇಕು.

ಸುಡೋ ಕೂಡ ಇದೇ ಜಾತಿ. ‘ಸುಡೋ ಓಸಿಆರ್‌ಮೈಪಿಡಿಎಫ್’ ಎಂದರೆ ನಾಟ್ ಫೌಂಡ್, ಸುಡೋ ಇಲ್ಲದಿದ್ದರೆ ಓಡುತ್ತದೆ. /ಇಟಿಸಿ/ಸುಡೋಅರ್ಸ್‌ನಲ್ಲಿರುವ ‘ಸೆಕ್ಯೂರ್_ಪಾತ್’ ಎಂಬ ಸಾಲು ನಿಮ್ಮ ಪಾತ್ ಬದಿಗಿಟ್ಟು ತನ್ನದನ್ನು ಹಾಕುತ್ತದೆ, ಅದರಲ್ಲಿ ನಿಮ್ಮ ಮನೆ ಫೋಲ್ಡರ್ ಇರುವುದಿಲ್ಲ. ತೀರಾ ಬೇಕಿದ್ದರೆ ಪೂರ್ಣ ವಿಳಾಸ ಕೊಡಬಹುದು. ಪಿಡಿಎಫ್ ಓದಿಸಲು ಸುಡೋ ಏಕೆ ಬೇಕಾಯಿತು ಎಂದು ಮೊದಲು ಕೇಳಿಕೊಳ್ಳುವುದು ಮೇಲು.

ಬ್ಯಾಶ್ ಅಲ್ಲದವರಿಗೆ ಎರಡು ಮಾತು. 2019ರ ಕ್ಯಾಟಲೀನಾದಿಂದೀಚೆಗೆ ಮ್ಯಾಕ್‌ನಲ್ಲಿ ಹೊಸ ಖಾತೆಗಳಿಗೆ ಸಿಗುವುದು ಝಡ್‌ಎಸ್‌ಎಚ್ ಎಂಬ ಶೆಲ್. ಅಲ್ಲಿ ‘ರೀಹ್ಯಾಶ್’ ಎಂಬ ಕಮಾಂಡ್ ಇದೆ. ಟ್ಯಾಬ್ ಒತ್ತಿದಾಗ ಹೊಸ ಪ್ರೋಗ್ರಾಮಿನ ಹೆಸರು ಪೂರ್ತಿಯಾಗದಿದ್ದರೆ, ಹಳೆಯದೇ ಓಡುತ್ತಿದ್ದರೆ ಅದನ್ನು ಕೊಡಿ. ಸಾಲುಗಳನ್ನು ಬರೆಯಬೇಕಾದದ್ದು ~/.ಝಡ್‌ಎಸ್‌ಎಚ್‌ಆರ್‌ಸಿಯಲ್ಲಿ, ಬ್ಯಾಶ್‌ಆರ್‌ಸಿಯಲ್ಲಲ್ಲ. ಸಿ ಶೆಲ್ ಮತ್ತು ಟಿಸಿಎಸ್‌ಎಚ್ ಹಳಬರು, ಪಾತ್‌ನ ಫೋಲ್ಡರುಗಳಲ್ಲಿ ಏನೇನಿದೆ ಎಂದು ಮೊದಲೇ ಕೋಷ್ಟಕ ಮಾಡಿಟ್ಟುಕೊಳ್ಳುತ್ತವೆ. ಆಮೇಲೆ ಹಾಕಿದ್ದಕ್ಕೆ ‘ರೀಹ್ಯಾಶ್’ ಬೇಕೇ ಬೇಕು. ಫಿಶ್ ಎಂಬ ಶೆಲ್‌ನಲ್ಲಿ ‘ಫಿಶ್_ಆ್ಯಡ್_ಪಾತ್’ ಒಮ್ಮೆ ಕೊಟ್ಟರೆ ಸಾಕು.

ಫೈಲು ಇದೆ, ಪಾತ್ ಸರಿಯಿದೆ, ಆದರೂ ಓಡದಿದ್ದರೆ ಆ ಕಮಾಂಡಿನ ಬೆನ್ನಿಗೇ ‘ಎಕೋ $?’ ಕೊಟ್ಟು ನೋಡಿ. 127 ಬಂದರೆ ಶೆಲ್‌ಗೆ ಸಿಕ್ಕಲಿಲ್ಲ, 126 ಬಂದರೆ ಸಿಕ್ಕಿತು ಆದರೆ ಓಡಿಸಲಾಗಲಿಲ್ಲ. 126ಕ್ಕೆ ಸಾಮಾನ್ಯ ಕಾರಣ ಎಕ್ಸಿಕ್ಯೂಟ್ ಅನುಮತಿ, ‘ಸಿಎಚ್‌ಮಾಡ್ +ಎಕ್ಸ್’ ಮಾಡಿದರೆ ಸರಿ. ಪೆನ್‌ಡ್ರೈವಿನಿಂದಲೇ ಸ್ಕ್ರಿಪ್ಟ್ ಓಡಿಸಲು ಹೊರಟವರಿಗೆ ಅದೂ ನಡೆಯದು. ಫ್ಯಾಟ್ ಮಾದರಿಯ ಡ್ರೈವಿನಲ್ಲಿ ಅಂಥ ಅನುಮತಿಯನ್ನು ಬರೆದಿಡಲು ಜಾಗವೇ ಇಲ್ಲ. ಮನೆ ಫೋಲ್ಡರಿಗೆ ನಕಲು ಮಾಡಿ ಆಮೇಲೆ ಅನುಮತಿ ಕೊಡಿ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಹೊಸದಾಗಿ ಬರೆದ ಸ್ಕ್ರಿಪ್ಟಾದರೆ ಉಬುಂಟು 22.04ರಲ್ಲಿ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂಬ ಎರರ್ ಬಂದು /ಬಿನ್/ಬ್ಯಾಶ್‌ನ ಬಾಲಕ್ಕೆ ‘^ಎಂ’ ಅಂಟಿರುತ್ತದೆ. ವಿಂಡೋಸ್ ಸಾಲಿನ ಕೊನೆಯಲ್ಲಿ ಹಾಕುವ ಕಾಣದ ಅಕ್ಷರ ಅದು, ‘ಡಾಸ್2ಯುನಿಕ್ಸ್’ ಓಡಿಸಿದರೆ ಹೋಗುತ್ತದೆ. ಮತ್ತೆ, ಲಿನಕ್ಸ್ ನೀವು ನಿಂತಿರುವ ಫೋಲ್ಡರನ್ನು ತಾನಾಗಿ ನೋಡುವುದಿಲ್ಲ. ಹೆಸರಿಗೆ ಮೊದಲು ‘./’ ಬೇಕು.

ವಿಂಡೋಸಿನವರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ಅಲ್ಲಿ ಹೆಚ್ಚಿನವರು ಬಳಸುವ ಯುಬಿ ಮ್ಯಾನ್‌ಹೈಮ್‌ನ (ಜರ್ಮನಿಯ ಮ್ಯಾನ್‌ಹೈಮ್ ವಿಶ್ವವಿದ್ಯಾಲಯದ ಗ್ರಂಥಾಲಯ) ಟೆಸೆರಾಕ್ಟ್ ಇನ್‌ಸ್ಟಾಲರ್ ಪ್ರೋಗ್ರಾಮನ್ನು ಸಿ ಡ್ರೈವಿನ ಪ್ರೋಗ್ರಾಮ್ ಫೈಲ್ಸ್‌ನೊಳಗೆ ಟೆಸೆರಾಕ್ಟ್-ಓಸಿಆರ್ ಫೋಲ್ಡರಿಗೆ ಹಾಕುತ್ತದೆ, ಪಾತ್‌ಗೆ ಸೇರಿಸುವುದಿಲ್ಲ. ಕನ್ನಡವನ್ನೂ ಇನ್‌ಸ್ಟಾಲ್ ಮಾಡುವಾಗಲೇ ಹೆಚ್ಚುವರಿ ಭಾಷೆಗಳ ಪಟ್ಟಿ ಬಿಡಿಸಿ ಗುರುತು ಹಾಕಬೇಕು. ಸ್ಟಾರ್ಟ್ ಮೆನುವಿನಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಹುಡುಕಿ, ಬಳಕೆದಾರರ ಪಾತ್ ತೆರೆದು, ‘ನ್ಯೂ’ ಒತ್ತಿ ಆ ಫೋಲ್ಡರಿನ ವಿಳಾಸ ಸೇರಿಸಿ. ನಡುವೆ ಖಾಲಿ ಜಾಗ ಇದ್ದರೂ ಉದ್ಧರಣ ಚಿಹ್ನೆ ಬೇಡ. ಇದನ್ನೇ ‘ಸೆಟ್‌ಎಕ್ಸ್’ ಕಮಾಂಡಿನಿಂದ ಮಾಡಿ ಎನ್ನುವವರ ಮಾತು ಕೇಳಬೇಡಿ. ಅದು 1024 ಅಕ್ಷರಕ್ಕೆ ಮೌಲ್ಯವನ್ನು ಕತ್ತರಿಸುತ್ತದೆ. ‘%ಪಾತ್%’ ಸೇರಿಸಿ ಕೊಟ್ಟರೆ ಸಿಸ್ಟಮ್‌ನ ಪಟ್ಟಿಯನ್ನೂ ಬಳಕೆದಾರರ ಪಟ್ಟಿಯನ್ನೂ ಕಲಸಿ ಒಂದೇ ಕಡೆ ಬರೆಯುತ್ತದೆ. ಕತ್ತರಿಸಿ ಹೋದ ಬಾಲವನ್ನು ಆಮೇಲೆ ನೆನಪಿನಿಂದ ಬರೆಯುವುದು ಯಾರಿಗೂ ಆಗದ ಕೆಲಸ.

ಡೈಲಾಗ್ ಪೆಟ್ಟಿಗೆಯಲ್ಲಿ ‘ಓಕೆ’ ಒತ್ತಿದಾಗ ಬದಲಾವಣೆಯಾಯಿತೆಂಬ ಸಂದೇಶ ಎಲ್ಲ ಕಿಟಕಿಗಳಿಗೂ ಹೋಗುತ್ತದೆ. ಎಕ್ಸ್‌ಪ್ಲೋರರ್ ಅದನ್ನು ಕೇಳಿಸಿಕೊಳ್ಳುತ್ತದೆ, ಮೊದಲೇ ತೆರೆದಿರುವ ಕಮಾಂಡ್ ಪ್ರಾಂಪ್ಟ್ ಕೇಳಿಸಿಕೊಳ್ಳುವುದಿಲ್ಲ. ಸ್ಟಾರ್ಟ್ ಮೆನುವಿನಿಂದ ಹೊಸದಾಗಿ ತೆರೆದದ್ದಕ್ಕೆ ಹೊಸ ಪಾತ್ ಸಿಗುತ್ತದೆ. ವಿಎಸ್ ಕೋಡ್‌ನೊಳಗಿನ ಟರ್ಮಿನಲ್ ಬಳಸುವವರು ಟರ್ಮಿನಲ್ ಟ್ಯಾಬ್ ಮಾತ್ರ ಮುಚ್ಚಿ ತೆರೆದರೆ ಸಾಲದು. ಅದು ನಕಲು ಮಾಡಿಕೊಳ್ಳುವುದು ವಿಎಸ್ ಕೋಡ್‌ನಿಂದ, ಆದ್ದರಿಂದ ಅದರ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಬೇಕು. ಯಾವುದು ಸಿಗುತ್ತಿದೆ ಎಂದು ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ ‘ವೇರ್ ಟೆಸೆರಾಕ್ಟ್’. ವಿಂಡೋಸ್ ಪವರ್‌ಶೆಲ್‌ನಲ್ಲಿ ‘ವೇರ್’ ಬೇರೊಂದು ಕಮಾಂಡಿನ ಅಡ್ಡಹೆಸರು, ಏನೂ ತೋರಿಸದೆ ಸುಮ್ಮನಾಗುತ್ತದೆ. ಅಲ್ಲಿ ‘ಗೆಟ್-ಕಮಾಂಡ್ ಟೆಸೆರಾಕ್ಟ್’ ಎನ್ನಬೇಕು. ಪೈಥಾನ್ ಹಾಕಿದ ಮೇಲೂ ‘ಪೈಥಾನ್’ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತಿದ್ದರೆ ಎದುರು ಸಿಕ್ಕಿದ್ದು ವಿಂಡೋಸ್ ಇಟ್ಟ ಕೈಮರ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸಸ್’ ಎಂದು ಹುಡುಕಿ ಪೈಥಾನಿನ ಎರಡು ಸ್ವಿಚ್‌ಗಳನ್ನು ಆಫ್ ಮಾಡಿ. ಪೈಥಾನ್ ಇನ್‌ಸ್ಟಾಲರಿನ ಮೊದಲ ಪುಟದ ಕೆಳಗಡೆ ಪಾತ್‌ಗೆ ಸೇರಿಸುವ ಚೌಕವೊಂದಿದೆ. ಅದು ಗುರುತಿಲ್ಲದೆಯೇ ಬರುತ್ತದೆ. ಆಗ ಬಿಟ್ಟುಹೋಗಿದ್ದರೆ ಅದೇ ಇನ್‌ಸ್ಟಾಲರನ್ನು ಮತ್ತೆ ಓಡಿಸಿ, ‘ಮಾಡಿಫೈ’ ಒತ್ತಿ, ಮುಂದಿನ ಪುಟಗಳಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ಗೆ ಸೇರಿಸುವ ಆಯ್ಕೆಗೆ ಗುರುತು ಹಾಕಿದರಾಯಿತು, ತೆಗೆದು ಹೊಸದಾಗಿ ಹಾಕಬೇಕೆಂದಿಲ್ಲ.